ಹಳೇ ಕ್ಷೌರದ ಕತ್ತಿ: ತೋಳಿನ ಕೂದ್ಲು ಹೋಯ್ತದೆ, ಗಡ್ಡ ಕೀಳ್ತದೆ. ಕಲ್ಲು ಬದಲಾಯಿಸ್ಬೇಕಾ?

ಮದ್ದೂರ್‌ವಡೆ

ಎಲ್ರಿಗೂ ನಮಸ್ಕಾರ. ಕತ್ತಿ ಜರ್ಮನಿಯ ಸೋಲಿಂಗೆನ್‌ದು, ಹಳೇದು. ಅಗಲ 5/8 ಇಂಚು, ಮೂತಿ ದುಂಡಗದೆ, ಅಲಗಿನ ಎರಡೂ ಕಡೆ ಚೆನ್ನಾಗಿ ಗುಳಿ ತೆಗ್ದವ್ರೆ. ಬಾಯಿ ನಡುವೆ ಒಂದು ಸಣ್ಣ ಮುಕ್ಕು, ಅಲಗಿನ ಮೇಲೆ ಅಲ್ಲಲ್ಲಿ ಕರೀ ಚುಕ್ಕೆ. ಕಲ್ಲು 1000/6000 ಜೋಡಿಕಲ್ಲು, ಒಂದು ಬದಿ 1000, ಇನ್ನೊಂದು ಬದಿ 6000 (ನಂಬರ್ ಹೆಚ್ಚಾದಷ್ಟೂ ಕಲ್ಲು ನಯ). ಮಸೆದ ಮೇಲೆ ತೋಳಿನ ಕೂದ್ಲು ಹೋಯ್ತದೆ, ಕೆನ್ನೆಗೆ ಮಡಗಿದ್ರೆ ಕೀಳ್ತದೆ. ತೀಡೋ ಪಟ್ಟಿ ಇಲ್ಲ, ಸದ್ಯಕ್ಕೆ ಬೆಲ್ಟು. 12000ದ ಕಲ್ಲು ತರಿಸ್ಬೇಕಾ? ಇಲ್ಲಾಂದ್ರೆ ಬೀದೀಲಿ ಸೈಕಲ್ ತುಳ್ಕೊಂಡು ಸಾಣೆ ಹಿಡಿಯೋರ್ಗೆ ಕೊಟ್ಬುಡ್ಲಾ?

ಸಾಣೆಕಲ್ಲು

ಎರಡನೆಯದು ಮೊದಲು: ಸೈಕಲ್ ಸಾಣೆಗೆ ಖಂಡಿತ ಕೊಡಬೇಡಿ. ಒಣ ಚಕ್ರದ ಮೇಲೆ ತೆಳು ಬಾಯಿ ಕ್ಷಣದಲ್ಲಿ ಕಾಯುತ್ತದೆ, ಉಕ್ಕಿನ ಹದ ಹೋಗುತ್ತದೆ. ಮಚ್ಚು, ಕುಡುಗೋಲಿಗೆ ಅದು ಸರಿ. ಹಾರ್ಡ್‌ವೇರ್ ಅಂಗಡಿಯ ಎರಡು ಬದಿಯ ಕಾರ್ಬೊರಂಡಂ ಕಲ್ಲೂ ಅಷ್ಟೇ, ಇದಕ್ಕೆ ತೀರಾ ಒರಟು.

12000ಕ್ಕೂ ಈಗಲೇ ದುಡ್ಡು ಹಾಕಬೇಡಿ. ತೋಳಿನ ಕೂದಲು 1000ದ ಕಲ್ಲಿನಲ್ಲೇ ಹೋಗುತ್ತದೆ, ಅದೇನೂ ದೊಡ್ಡ ಪರೀಕ್ಷೆಯಲ್ಲ. ಗಡ್ಡ ಕೀಳುತ್ತಿದೆ ಎಂದರೆ ಬಹುಪಾಲು 1000ದ ಕೆಲಸವೇ ಮುಗಿದಿಲ್ಲ. ಬಾಯಿಯ ಎರಡು ಪಕ್ಕದ ಸಣ್ಣ ಸಮತಟ್ಟು ಇದೆಯಲ್ಲ, ಬೆವೆಲ್, ಅವೆರಡೂ ಹಿಮ್ಮಡಿಯಿಂದ (ಬಾಯಿಯ ಹಿಡಿ ಕಡೆಯ ತುದಿ) ಮೂತಿಯವರೆಗೆ (ಆಚೆ ತುದಿ) ಒಂದೇ ಗೆರೆಯಲ್ಲಿ ಕೂಡಬೇಕು. ಎಲ್ಲೋ ಒಂದು ಕಡೆ ಕೂಡದೆ ಉಳಿದರೆ ನಯದ ಕಲ್ಲುಗಳು ಆ ಜಾಗವನ್ನು ಮುಟ್ಟುವುದೇ ಇಲ್ಲ. ಅಕ್ಕಪಕ್ಕ ಹೊಳಪು ಕೊಟ್ಟು ಸುಮ್ಮನಾಗುತ್ತವೆ. ಆಮೇಲೆ ಜನ ಕಲ್ಲನ್ನು ಬೈಯುತ್ತಾರೆ, ಪಟ್ಟಿಯನ್ನು ಬೈಯುತ್ತಾರೆ.

ಕಲ್ಲಿನಿಂದ ಶುರು ಮಾಡಿ. ಹೊಸ ಕಲ್ಲು ಸಮತಟ್ಟಾಗಿಯೇ ಇರುತ್ತದೆ ಅಂತ ನಂಬಬೇಡಿ. ಪೆನ್ಸಿಲ್‌ನಲ್ಲಿ ಮೇಲೆಲ್ಲ ಚೌಕುಳಿ ಗೆರೆ ಎಳೆದು, ದಪ್ಪ ಗಾಜಿನ ಮೇಲೆ 220ರ ನೀರುಕಾಗದ (ಒದ್ದೆ ಮಾಡಿ ಉಜ್ಜುವ ಕಪ್ಪು ಸ್ಯಾಂಡ್‌ಪೇಪರ್) ಹಾಸಿ, ನೀರು ಹಾಕಿ ಉಜ್ಜಿ. ಗೆರೆ ಪೂರ್ತಿ ಅಳಿಯಬೇಕು. ಇನ್ನೊಮ್ಮೆ ಗೆರೆ ಎಳೆದು ಉಜ್ಜಿ. ಕಲ್ಲಿನ ನಾಲ್ಕು ಅಂಚನ್ನೂ ಸ್ವಲ್ಪ ಸವರಿ, ಚೂಪು ಅಂಚಿಗೆ ಕತ್ತಿ ತಗುಲಿದರೆ ಇನ್ನೊಂದು ಮುಕ್ಕು. ಕೆಲವು ಕಲ್ಲು ಗುಳ್ಳೆ ನಿಲ್ಲುವವರೆಗೆ ನೀರಿನಲ್ಲಿ ನೆನೆಯಬೇಕು, ಕೆಲವಕ್ಕೆ ಮೇಲೆ ಚಿಮುಕಿಸಿದರೆ ಸಾಕು. ನೆನೆಸಬಾರದ್ದನ್ನು ನೆನೆಸಿಟ್ಟರೆ ಬಿರುಕು ಬಿಡಬಹುದು, ಜೊತೆಗೆ ಬಂದ ಚೀಟಿ ಓದಿ.

ಅಡುಗೆಮನೆ ಚಾಕುವಿಗೆ ಕೋನವನ್ನು ನಮ್ಮ ಕೈ ಹಿಡಿಯಬೇಕು. ಇಲ್ಲಿ ಬೆನ್ನೇ ಕೋನ ಹಿಡಿದುಕೊಡುತ್ತದೆ. ಬೆನ್ನು, ಬಾಯಿ ಎರಡೂ ಯಾವಾಗಲೂ ಕಲ್ಲಿನ ಮೇಲೇ ಇರಬೇಕು. ಬೆನ್ನು ಕೂದಲೆಳೆಯಷ್ಟು ಎದ್ದರೂ ಆ ಎಳೆತ ಕೆಟ್ಟಿತು.

ಬೆವೆಲ್‌ನ ಎರಡೂ ಬದಿಗೆ ಪರ್ಮನೆಂಟ್ ಮಾರ್ಕರ್ ಬಳಿದು, ಒಂದೆರಡು ಸಲ ಮಸೆದು ನೋಡಿ. ಶಾಯಿ ಎಲ್ಲಿ ಉಳಿದಿದೆಯೋ ಅಲ್ಲಿ ಕಲ್ಲು ಮುಟ್ಟಿಲ್ಲ. ಹೆಚ್ಚಾಗಿ ಉಳಿಯುವುದು ಹಿಮ್ಮಡಿಯ ಹತ್ತಿರ, ಮೂತಿಯ ಹತ್ತಿರ. ಮುಕ್ಕು ಇರುವುದರಿಂದ ಮೊದಲು ಗುಂಡಗೆ ಸುತ್ತಿಸಿ: ಒಂದು ಬದಿ 30 ಸುತ್ತು, ತಿರುಗಿಸಿ ಇನ್ನೊಂದು ಬದಿ 30. ಬೆರಳಿನ ಒತ್ತಡ ಹಗುರವಾಗಿ, ಬೆನ್ನಿಗೂ ಬಾಯಿಗೂ ಸಮನಾಗಿ. ಮುಕ್ಕು ಮಾಯವಾಗುವವರೆಗೆ ಇದೇ. ಬೇಜಾರು ಬರುತ್ತದೆ, ಬರಲಿ. ಆಮೇಲೆ ಒತ್ತಡ ಪೂರ್ತಿ ಬಿಟ್ಟು ಓರೆ ಎಳೆತ: ಬಾಯಿ ಮುಂದೆ, ಹಿಮ್ಮಡಿ ಕಲ್ಲಿನ ಈ ತುದಿಯಲ್ಲಿ ಶುರುವಾಗಿ ಆ ತುದಿ ಮುಟ್ಟುವಾಗ ಮೂತಿ ಮಾತ್ರ ಕಲ್ಲಿನ ಮೇಲಿರಬೇಕು. ತಿರುಗಿಸುವಾಗ ಬೆನ್ನಿನ ಮೇಲೆ ಹೊರಳಿಸಿ, ಬಾಯಿಯ ಮೇಲಲ್ಲ. ಹಾಗೇ ಹೋಗಿ ಬಂದರೆ ಒಂದು ಜೊತೆ. 20–30 ಜೊತೆ.

ಒತ್ತಡ ಯಾಕೆ ಬೇಡ ಎಂದರೆ, ಗುಳಿ ತೆಗೆದ ಅಲಗು ತೆಳ್ಳಗಿರುತ್ತದೆ, ಒತ್ತಿದರೆ ಬಾಗುತ್ತದೆ. ಬಾಗಿದಾಗ ಮಸೆದ ಕೋನ ಒಂದು, ಕೈ ಬಿಟ್ಟಾಗ ಉಳಿಯುವ ಕೋನ ಇನ್ನೊಂದು.

ಆಯಿತೋ ಇಲ್ಲವೋ ನೋಡುವುದು ಹೀಗೆ. ಕತ್ತಿಯ ಬಾಯಿ ಮೇಲೆ ಮಾಡಿ, ಮೇಜಿನ ದೀಪದ ಕೆಳಗೆ, ಬಾಯಿಯ ಗೆರೆಯನ್ನೇ ನೇರವಾಗಿ ನೋಡಿ. ನಿಧಾನಕ್ಕೆ ಹಿಂದೆ ಮುಂದೆ ವಾಲಿಸಿ. ಕೂಡಿದ ಬಾಯಿ ಬೆಳಕನ್ನು ತಿರುಗಿಸಿ ಕೊಡುವುದಿಲ್ಲ, ಕಾಣುವುದೇ ಇಲ್ಲ. ಎಲ್ಲಾದರೂ ಬಿಳಿ ಚುಕ್ಕೆಯೋ ಗೆರೆಯೋ ಮಿನುಗಿದರೆ ಅಲ್ಲಿ ಇನ್ನೂ ಮುಕ್ಕಿದೆ ಅಥವಾ ಬೆವೆಲ್ ಕೂಡಿಲ್ಲ. ಆಮೇಲೆ ಮಾಗಿದ ಟೊಮೇಟೊ: ಒತ್ತದೆ, ಕತ್ತಿಯ ತೂಕಕ್ಕೇ ಸಿಪ್ಪೆ ಬಿರಿಯಬೇಕು. ಹಿಮ್ಮಡಿ, ನಡು, ಮೂತಿ, ಮೂರು ಕಡೆಯೂ. ಒಂದು ಕಡೆ ಜಾರಿದರೂ 6000ಕ್ಕೆ ಹೋಗಬೇಡಿ.

ಚಾಮುಂಡಿಪುರಂ ಮೇಷ್ಟ್ರು

ಬೆನ್ನಿಗೆ ಟೇಪ್ ಹಾಕುವ ವಿಷಯ ಬಿಟ್ಟುಹೋಯಿತು. ಮುಕ್ಕು ತೆಗೆಯಲು ಅಷ್ಟು ಮಸೆದರೆ ಬೆನ್ನೂ ಸವೆದು ಎರಡು ಕಡೆ ಅಗಲ ಪಟ್ಟೆ ಬೀಳುತ್ತದೆ. ಹಳೆಯ ಕತ್ತಿಯ ಬೆನ್ನಿನಲ್ಲಿ ಕೆತ್ತನೆ ಇದ್ದರೆ ಅದೂ ಹೋಗುತ್ತದೆ. ವೈರಿಂಗ್‌ಗೆ ಬಳಸುವ ಪಿವಿಸಿ ಟೇಪ್ ಒಂದು ಪದರ ಹಾಕುವುದು ಒಳ್ಳೆಯದು.

ಸಾಣೆಕಲ್ಲು

ಬೇಡ ಅನ್ನುವುದಿಲ್ಲ ಸಾರ್, ಆದರೆ ಟೇಪ್ ಹಾಕಿದರೆ ಕೋನ ದೊಡ್ಡದಾಗುತ್ತದೆ. ಮುಂದಿನ ಸಲ ಟೇಪ್ ಇಲ್ಲದೆ ಮಸೆದರೆ ಬಾಯಿ ಕಲ್ಲನ್ನು ಮುಟ್ಟುವುದೇ ಇಲ್ಲ, ಬೆವೆಲ್‌ನ ಮೇಲಂಚು ಮಾತ್ರ ಸವೆಯುತ್ತದೆ. ಹೊಸಬರು ಅಲ್ಲೇ ಕಳೆದುಹೋಗುವುದು.

ಚಾಮುಂಡಿಪುರಂ ಮೇಷ್ಟ್ರು

ಎಷ್ಟು ದೊಡ್ಡದಾಗುತ್ತದೆ, ಲೆಕ್ಕ ಹಾಕೋಣ. 5/8 ಎಂದರೆ ಒಂದು ಇಂಚಿನ ಎಂಟರಲ್ಲಿ ಐದು ಭಾಗ, ಸುಮಾರು 16 ಮಿ.ಮೀ. ಬೆನ್ನಿನ ದಪ್ಪ 4.5 ಮಿ.ಮೀ. ಇದೆ ಎಂದಿಟ್ಟುಕೊಳ್ಳಿ. ಅರ್ಧ ದಪ್ಪ 2.25, ಅದನ್ನು 16ರಿಂದ ಭಾಗಿಸಿದರೆ 0.14. ಅದರ ಕೋನ 8 ಡಿಗ್ರಿ, ಎರಡು ಬದಿ ಸೇರಿ 16. ಟೇಪ್ 0.15 ಮಿ.ಮೀ. ಇದ್ದರೆ ಎರಡೂ ಬದಿಯಿಂದ 0.3 ಸೇರಿ ಕೋನ 17ಕ್ಕೆ ಹೋಗುತ್ತದೆ. ಒಂದೇ ಡಿಗ್ರಿ. ಗಡ್ಡಕ್ಕೆ ಗೊತ್ತೂ ಆಗುವುದಿಲ್ಲ. ಆದರೆ ನೀವು ಹೇಳಿದ್ದು ಸರಿ, ಒಮ್ಮೆ ಟೇಪ್ ಹಿಡಿದರೆ ಆ ಕತ್ತಿಗೆ ಯಾವಾಗಲೂ ಟೇಪ್. ಕಲ್ಲು ಬದಲಿಸಿದಾಗ ಟೇಪೂ ಬದಲಿಸಬೇಕು. ಹಳೆಯದು ಸವೆದು ತೂತಾಗಿರುತ್ತದೆ, ಅದರಲ್ಲಿ ಸಿಕ್ಕಿಕೊಂಡ ಒರಟು ಕಣ ನಯದ ಕಲ್ಲಿಗೆ ಬಂದು ಗೀರು ಹಾಕುತ್ತದೆ.

ಪಾಂಡವಪುರ ಬೆಲ್ಲ

ಟೇಪ್ ಜಗಳ ಆಮೇಲೆ ಆಡ್ಕಳಿ. ಮದ್ದೂರಣ್ಣ, ನಿಮ್ದು ಸೋಲಿಂಗೆನ್ ಆಗಿರೋದ್ಕೆ ಬಚಾವು. ಇದ್ನ ಓದ್ತಾ ಇರೋ ಬೇರೆಯೋರು ಚೀನಾದ ಅಗ್ಗದ ಕತ್ತಿ ತಕಂಡಿದ್ರೆ ಒಂದು ಮಾತು: ಅವುಗಳಲ್ಲಿ ಹಿಮ್ಮಡಿ ಹತ್ರ ಅಲಗಿಗೂ ಹಿಡಿಗೂ ನಡುವೆ ಒಂದು ದಪ್ಪ ಉಬ್ಬು ಇರ್ತದೆ, ಬಾಯಿ ಕಡೆಗೂ ಚಾಚಿರ್ತದೆ. ಆ ಉಬ್ಬು ಕಲ್ಲಿನ ಮೇಲೆ ಹತ್ತಿ ಕೂತ್ಕಂಡ್ರೆ ಹಿಮ್ಮಡಿ ಕಡೆ ಬಾಯಿ ಕಲ್ಲು ಮುಟ್ಟಕಿಲ್ಲ. ಬೆನ್ನು ಒಂದು ಕಡೆ ಮಾತ್ರ ಸವೀತದೆ. ಎಷ್ಟು ಮಸೆದ್ರೂ ದಂಡ. ಡೈಮಂಡ್ ಪ್ಲೇಟಿನ (ವಜ್ರದ ಪುಡಿ ಅಂಟಿಸಿರೋ ಲೋಹದ ತಟ್ಟೆ) ಮೇಲೆ ಹಿಮ್ಮಡಿ ಮೂಲೆ ಉಜ್ಜಿ ಒಸಿ ದುಂಡಗೆ ಮಾಡಿ, ಬಾಯಿ ಆ ಉಬ್ಬಿನಿಂದ ದೂರ ಶುರುವಾಗೋ ಹಂಗೆ ಮಾಡ್ಬುಡಿ. ಉಜ್ಜುವಾಗ ಕೈಗೆ ಬಿಸಿ ತಾಕುದ್ರೆ ನೀರಿಗೆ ಅದ್ದಿ. ಅದಕ್ಕೆ ಗ್ರೈಂಡರ್ ಹಚ್ಚಕ್ಕೆ ಹೋಗ್ಬೇಡಿ.

ಉಕ್ಕು ಉಮಾ

ಅದ್ದುವ ಮಾತು ಮುಖ್ಯ. ಉಕ್ಕು ಒಣಹುಲ್ಲಿನ ಹಳದಿಗೋ ನೀಲಿಗೋ ತಿರುಗಿದರೆ ಅಷ್ಟು ಭಾಗದ ಹದ ಇಳಿದಿದೆ, ಅಲ್ಲಿ ಬಾಯಿ ನಿಲ್ಲುವುದಿಲ್ಲ. ಮಸೆದು ಸರಿಪಡಿಸಲು ಬರುವುದಿಲ್ಲ.

ಮದ್ದೂರಿನವರೇ, ನಿಮ್ಮ ಕರೀ ಚುಕ್ಕೆಗಳ ಬಗ್ಗೆ ಎರಡು ಪ್ರಶ್ನೆ. ಚುಕ್ಕೆ ಬಾಯಿಯ ಗೆರೆಯವರೆಗೆ ಬಂದಿದೆಯಾ? ಬಂದಿದ್ದರೆ ಅಲ್ಲಿ ಉಕ್ಕು ಒಳಗೇ ಟೊಳ್ಳಾಗಿರುತ್ತದೆ, ಮಸೆದಷ್ಟೂ ಪುಡಿ ಉದುರುತ್ತದೆ. ಆ ಗುಂಡಿ ದಾಟುವವರೆಗೆ ಸವೆಸದೆ ಬೇರೆ ದಾರಿಯಿಲ್ಲ. ಬಾಯಿಂದ ದೂರ ಇದ್ದರೆ ಯೋಚನೆ ಬೇಡ, ಹಾಗೇ ಬಿಡಿ.

ಎರಡು: ಹಿಡಿ ಯಾವುದರದ್ದು? ಬಟ್ಟೆಯಿಂದ ಜೋರಾಗಿ ಉಜ್ಜಿ ಮೂಸಿ ನೋಡಿ. ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್. ಹಳೆಯ ಸೆಲ್ಯುಲಾಯ್ಡ್ ಕೊಳೆಯಲು ಶುರುವಾದರೆ ಆಮ್ಲದ ಆವಿ ಬಿಡುತ್ತದೆ, ಮಡಚಿಟ್ಟ ಕತ್ತಿಗೆ ಹಿಡಿಯಿಂದಲೇ ತುಕ್ಕು. ಚುಕ್ಕೆಗಳು ಹಿಡಿಯೊಳಗೆ ಕೂರುವ ಜಾಗದಲ್ಲೇ ಸಾಲಾಗಿದ್ದರೆ, ಹಿಡಿ ಅಂಟಂಟಾಗಿಯೋ ಒಳಗೆ ಸೀಳು ಬಿಟ್ಟೋ ಇದ್ದರೆ, ಹಿಡಿ ಬದಲಿಸಿ. ಬೇರೆ ಕತ್ತಿಗಳ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ. ಬೆಂಕಿಯ ಹತ್ತಿರವಂತೂ ಬೇಡವೇ ಬೇಡ, ಕರ್ಪೂರದಷ್ಟೇ ಸಲೀಸಾಗಿ ಹತ್ತಿಕೊಳ್ಳುತ್ತದೆ. ಹಳೇ ಕತ್ತಿ ಶುದ್ಧ ಮಾಡಲು ಕುದಿಸುವ ಅಭ್ಯಾಸವೂ ಇದಕ್ಕೇ ಅಪಾಯ. ಅಲಗನ್ನು ಸ್ಪಿರಿಟ್‌ನಲ್ಲಿ ಒರೆಸಿದರೆ ಸಾಕು, ಸ್ಪಿರಿಟ್ ಹಿಡಿಗೆ ತಾಗದಿರಲಿ.

ಮದ್ದೂರ್‌ವಡೆ

ಮೇಡಂ, ಹಿಡಿ ಕೊಂಬಿಂದು, ವಾಸನೆ ಇಲ್ಲ. ಚುಕ್ಕೆ ಬೆನ್ನಿನ ಹತ್ರ ಮಾತ್ರ. ದೀಪದ ಕೆಳಗೆ ನೋಡ್ದೆ: ಮುಕ್ಕಿನ ಜಾಗ ಮಿನುಗ್ತದೆ, ಹಿಮ್ಮಡಿ ಕಡೆ ಒಂದು ಸೆಂಟಿಮೀಟರ್ ಗೆರೆ ಪೂರ್ತಿ ಮಿನುಗ್ತದೆ. ಅಂದ್ರೆ ಸಾಣೆಕಲ್ಲಣ್ಣ ಹೇಳಿದ್ದೇ ಸರಿ. 1000 ಆದ್ಮೇಲೆ 6000, ಅದಾದ ಮೇಲೆ ಏನು?

ಸಾಣೆಕಲ್ಲು

ಹಿಮ್ಮಡಿಗೆ: ಕತ್ತಿಯನ್ನು ಕಲ್ಲಿಗೆ ಅಡ್ಡ ನೇರವಾಗಿ ಇಡದೆ ಹಿಮ್ಮಡಿ ಸ್ವಲ್ಪ ಮುಂದಿರುವಂತೆ ಓರೆಯಾಗಿ ಹಿಡಿದು, ಆ ಭಾಗಕ್ಕಷ್ಟೇ ಗಿಡ್ಡ ಎಳೆತ ಕೊಡಿ. ಮಾರ್ಕರ್ ಮತ್ತೆ ಬಳಿದು ನೋಡುತ್ತಾ ಹೋಗಿ. ಅದು ಕೂಡಿದ ಮೇಲೆ ಇಡೀ ಉದ್ದಕ್ಕೆ ಇನ್ನೊಂದು 20 ಜೊತೆ, ಎಲ್ಲ ಒಂದಾಗಲಿ.

6000ದ ಮೇಲೆ 40 ಜೊತೆ, ಕತ್ತಿಯ ತೂಕ ಮಾತ್ರ. ಮೇಲೆ ನೀರು ಧಾರಾಳವಾಗಿರಲಿ. ಕೊನೆಕೊನೆಗೆ ಬಾಯಿಯ ಮುಂದೆ ನೀರು ದಿಬ್ಬದ ಹಾಗೆ ಓಡುವುದು ಕಾಣಬೇಕು. ನೀರು ಬಾಯಿಯ ಮೇಲೆ ಹತ್ತಿ ಬರುತ್ತಿದ್ದರೆ ಬೆವೆಲ್ ಕಲ್ಲಿಗೆ ಒತ್ತಿ ಕೂತಿದೆ ಎಂದು. ಇನ್ನೂ ಚೂಪಾಗಲಿ ಅಂತ ನೂರಿನ್ನೂರು ಎಳೆಯಬೇಡಿ. ಬಾಯಿ ತೀರಾ ತೆಳುವಾಗಿ ಹಾಳೆಯಂತಹ ಅಂಚು ನಿಲ್ಲುತ್ತದೆ, ಮೊದಲ ಕೆನ್ನೆಗೇ ಮುರಿದು ಬೀಳುತ್ತದೆ. ಹಾಗಾದರೆ ಬಾಯಿ ಹಿಂದಾಗಿ, ಅಂದರೆ ಬೆನ್ನು ಮುಂದಾಗಿ, ಐದಾರು ಎಳೆತ ಎಳೆದು ಆ ಅಂಚನ್ನು ಸಡಿಲಿಸಿ, ಮತ್ತೆ ಬಾಯಿ ಮುಂದಾಗಿ ಹತ್ತು.

ಸಾಮಾನ್ಯವಾಗಿ ಗಡ್ಡಕ್ಕೆ 8000ವಾದರೂ ಬೇಕು ಅನ್ನುತ್ತಾರೆ. ನಿಮ್ಮಲ್ಲಿ 6000 ಇರುವುದರಿಂದ, ಸಮತಟ್ಟಾದ ಬಾಲ್ಸಾ (ತುಂಬ ಹಗುರವಾದ, ಮೆತ್ತನೆಯ ಮರ) ಪಟ್ಟಿಯ ಮೇಲೆ ಹಸಿರು ಕ್ರೋಮಿಯಂ ಆಕ್ಸೈಡ್ ತೆಳ್ಳಗೆ ಸವರಿ, ಬೆನ್ನು ಮುಂದಾಗಿ 10–15 ಜೊತೆ ಎಳೆಯಿರಿ. ಕಣ ಅರ್ಧ ಮೈಕ್ರಾನ್‌ನಷ್ಟಿರುವ ಪುಡಿ ಕೇಳಿ ತೆಗೆದುಕೊಳ್ಳಿ. ಪಾಲಿಶ್ ಅಂಗಡಿಯ ಹಸಿರು ಗಟ್ಟಿಯಲ್ಲಿ ಬೇರೆ ಒರಟು ಪುಡಿಯೂ ಬೆರೆತಿರುತ್ತದೆ. ಮರ ಹಸಿರು ಹೊದಿಕೆ ಹೊದ್ದ ಹಾಗೆ ಮಾಡಬೇಡಿ, ಪೆನ್ಸಿಲ್‌ನಲ್ಲಿ ಗೀಚಿದಷ್ಟು ಸಾಕು. ಇಷ್ಟಕ್ಕೆ ಆರಾಮಾಗಿ ಗಡ್ಡ ಹೋಗುತ್ತದೆ. 12000 ಆಮೇಲೆ, ಬೇಕು ಅನಿಸಿದರೆ.

ಒಂಟಿಕೊಪ್ಪಲ್

ಈಗ ಬೆಲ್ಟಿನ ವಿಚಾರ. ಬೆಲ್ಟೇ ಆಗಬಹುದು, ನಿಜವಾದ ಚರ್ಮ ಆಗಿದ್ದರೆ. ಈಗಿನ ಬೆಲ್ಟ್‌ಗಳಲ್ಲಿ ಬಹಳಷ್ಟು ರೆಕ್ಸಿನ್, ಇಲ್ಲವೇ ಚರ್ಮದ ಪುಡಿ ಒತ್ತಿ ಮೇಲೆ ಬಣ್ಣ ಹೊಡೆದದ್ದು. ಚಪ್ಪಲಿ ಹೊಲಿಯುವವರ ಹತ್ತಿರ ಕೇಳಿದರೆ ಎಮ್ಮೆ ಚರ್ಮದ 3 ಮಿ.ಮೀ. ದಪ್ಪದ ಪಟ್ಟಿ ಕತ್ತರಿಸಿ, ತುದಿಗೆ ಬಳೆ ಹಾಕಿ ಕೊಡುತ್ತಾರೆ. ಅಗಲ 7 ಸೆಂ.ಮೀ., ಉದ್ದ 50 ಸೆಂ.ಮೀ. ಇರಲಿ. ಅಗಲ ಕಮ್ಮಿ ಇದ್ದರೆ ಕಲ್ಲಿನ ಮೇಲಿನ ಹಾಗೇ ಓರೆ ಎಳೆಯಬೇಕು. ನಯವಾದ ಬದಿಗೆ ತೀಡಿ. ಎಣ್ಣೆ ಸುರಿಯಬೇಡಿ, ತೀಡುವ ಮುಂಚೆ ಅಂಗೈಯಿಂದ ಹತ್ತಿಪ್ಪತ್ತು ಸಲ ಉಜ್ಜಿದರೆ ಬೇಕಾದ ಜಿಡ್ಡು ಅಲ್ಲೇ ಸಿಗುತ್ತದೆ.

ಚರ್ಮಕ್ಕೂ ಮುಂಚೆ ಬಟ್ಟೆಪಟ್ಟಿ ಇರಬೇಕು. ಅದಕ್ಕೆ ಮಂಚದ ನವಾರ ಹೇಳಿಮಾಡಿಸಿದ್ದು. ಹತ್ತಿಯದ್ದೇ ಆಗಿರಲಿ, ಈಗ ನೈಲಾನ್‌ನದೂ ಬರುತ್ತದೆ, ಎಳೆ ಕಿತ್ತು ಬೆಂಕಿಗೆ ಹಿಡಿದರೆ ಕರಗಿ ಗಂಟಾಗುವುದು ನೈಲಾನ್. ಗಂಜಿ ಹೋಗುವಂತೆ ಒಗೆದು ಒಣಗಿಸಿ. ಬಟ್ಟೆಗೆ 20 ಜೊತೆ, ಚರ್ಮಕ್ಕೆ 40–50. ಕ್ರೋಮಿಯಂ ಹಸಿರನ್ನು ದಿನಾ ತೀಡುವ ಚರ್ಮಕ್ಕೆ ಹಚ್ಚಲೇಬೇಡಿ, ಒಮ್ಮೆ ಹಚ್ಚಿದರೆ ತೆಗೆಯಲಾಗದು.

ತೀಡುವಾಗ ಬೆನ್ನು ಮುಂದೆ, ಬಾಯಿ ಹಿಂದೆ. ಬೆನ್ನು ಚರ್ಮ ಬಿಟ್ಟು ಏಳಲೇಬಾರದು. ತುದಿಗೆ ಬಂದಾಗ ಮೊದಲು ಕೈ ನಿಲ್ಲಿಸಿ, ಬೆನ್ನಿನ ಮೇಲೆ ಹೊರಳಿಸಿ, ಆಮೇಲೆ ವಾಪಸ್. ನಿಲ್ಲಿಸದೆ ಹೊರಳಿಸುವ ಅವಸರದಲ್ಲೇ ಪಟ್ಟಿ ಕೊಯ್ದುಹೋಗುವುದು. ಪಟ್ಟಿ ಬಿಗಿಯಾಗಿರಲಿ. ಜೋತುಬಿದ್ದರೆ ಚರ್ಮ ಬಾಯಿಯನ್ನು ಸುತ್ತಿಕೊಂಡು ಮೇಲೇರುತ್ತದೆ, ನಾಲ್ಕು ದಿನದಲ್ಲಿ ಬಾಯಿ ದುಂಡಗಾಗಿ ಮೊಂಡು. ಸಿನಿಮಾದಲ್ಲಿ ತೋರಿಸುವ ಪಟಪಟ ವೇಗ ಯಾರಿಗೂ ಬೇಕಿಲ್ಲ.

ಚಾಮುಂಡಿಪುರಂ ಮೇಷ್ಟ್ರು

ಕ್ಷೌರ ಆದ ಮೇಲೆ ಬಾಯಿಗೆ ಒಂದು ದಿನ ವಿಶ್ರಾಂತಿ ಕೊಡಬೇಕು, ಉಕ್ಕು ತಾನೇ ನೆಟ್ಟಗಾಗುತ್ತದೆ ಎನ್ನುವವರಿದ್ದಾರಲ್ಲ, ಅದು?

ಉಕ್ಕು ಉಮಾ

ಬಾಗಿದ ಉಕ್ಕು ಸುಮ್ಮನೆ ಇಟ್ಟರೆ ನೆಟ್ಟಗಾಗುವುದಿಲ್ಲ ಮೇಷ್ಟ್ರೇ. ನೆಟ್ಟಗೆ ಮಾಡುವುದು ಪಟ್ಟಿ. ಕ್ಷೌರ ಆದ ಕೂಡಲೇ ಮಾಡಬೇಕಾದ್ದು ಒಣಗಿಸುವುದು. ತೊಳೆದು, ಬೆನ್ನಿನಿಂದ ಬಾಯಿಯ ಕಡೆಗೆ ಮೆತ್ತನೆ ಬಟ್ಟೆಯಲ್ಲಿ ಒತ್ತಿ, ನವಾರದ ಮೇಲೆ ಹತ್ತು ಜೊತೆ ಎಳೆದರೆ ಬಾಯಿಯ ತೇವವೂ ಹೋಗುತ್ತದೆ. ಹಿಡಿಯನ್ನು ತೆರೆದಿಟ್ಟು ಒಣಗಿಸಿ, ಆಮೇಲೆ ಮಡಚಿ. ಮಳೆಗಾಲದಲ್ಲಿ ಬಚ್ಚಲಿನಲ್ಲಿ ಇಟ್ಟರೆ ಒಂದೇ ರಾತ್ರಿಗೆ ಚುಕ್ಕೆ ಬೀಳಬಹುದು. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸವರಿ. ಕೊಬ್ಬರಿ ಎಣ್ಣೆ ಬೇಡ, ಕಾಲಕ್ರಮೇಣ ಕಮಟಾಗಿ ಅಂಟುಕಟ್ಟುತ್ತದೆ.

ಪಾಂಡವಪುರ ಬೆಲ್ಲ

ನೊರೆ ಬಗ್ಗೆ ಯಾರೂ ಹೇಳ್ನಿಲ್ಲ. ನಮ್ ಕಡೆ ಬೋರ್ ನೀರು ಗಡಸು. ಸೋಪಿನ ಜೊತೆ ಸುಣ್ಣದಂಶ ಸೇರಿ ಮೊಸರು ಒಡೆದ ಹಂಗೆ ಆಯ್ತದೆ, ನೊರೆ ನಿಲ್ಲಕಿಲ್ಲ. ಮೈಸೂರಿನೋರ್ಗೆ ಕಾವೇರಿ, ಕಬಿನಿ ನಲ್ಲಿ ನೀರು ಬರ್ತದೆ, ಇದು ಗೊತ್ತಾಗಕಿಲ್ಲ. ಮಳೆ ನೀರೋ ಆರ್.ಓ. ಫಿಲ್ಟರ್ ನೀರೋ ಒಂದು ಲೋಟ ಎತ್ತಿಟ್ಕಳಿ, ನೊರೆಗೆ ಅಷ್ಟೇ ಸಾಕು. ಕುದಿಸಿ ಆರಿಸಿದ್ರೂ ಒಸಿ ಮೆತ್ತಗಾಯ್ತದೆ. ಇನ್ನೊಂದು: ಮೈಗೆ ಹಚ್ಚೋ ಗಂಧದ ಸೋಪು ಬಳಿಬ್ಯಾಡಿ. ಘಮ ಚೆನ್ನಾಗದೆ, ಆದ್ರೆ ನೊರೆ ಅರ್ಧ ಕೆನ್ನೆ ಮುಗಿಯೋದ್ರೊಳಗೆ ಒಣಗೋಯ್ತದೆ. ಶೇವಿಂಗ್ ಸೋಪೇ ಬೇಕು, ಬ್ರಷ್‌ನಲ್ಲಿ ಎರಡು ಮೂರು ನಿಮಿಷ ತಿರುವಿ, ಗುಳ್ಳೆ ಕಾಣದಂಗೆ ಹೊಳೀಬೇಕು.

ಒಂಟಿಕೊಪ್ಪಲ್

ಕೆನ್ನೆಗೆ ಇಡುವ ಮುಂಚೆ ಹಿಡಿತ. ಹಿಡಿಯನ್ನು ಹಿಂದಕ್ಕೆ ತೆರೆದು, ಮೂರು ಬೆರಳು ಅಲಗಿನ ಹಿಂದಿನ ಕಡ್ಡಿಯ ಮೇಲೆ, ಕಿರುಬೆರಳು ಕಡ್ಡಿಯ ತುದಿಯ ಬಾಲದ ಮೇಲೆ, ಹೆಬ್ಬೆರಳು ಕೆಳಗೆ. ಬಿಸಿನೀರಿನಲ್ಲಿ ಮುಖ ತೊಳೆದು, ನೊರೆ ಹಚ್ಚಿ ಎರಡು ನಿಮಿಷ ಬಿಡಿ. ಎಡಗೈ ಬೆರಳು ಜಾರಿದರೆ ಚರ್ಮ ಎಳೆಯಲಾಗುವುದಿಲ್ಲ, ಬೆರಳ ತುದಿಗೆ ಪಟಿಕ ಉಜ್ಜಿಕೊಳ್ಳಿ, ಅಂಟಿದಂತೆ ನಿಲ್ಲುತ್ತದೆ.

ಮೊದಲ ವಾರ ಎರಡು ಕೆನ್ನೆ ಮಾತ್ರ, ಉಳಿದದ್ದಕ್ಕೆ ಮಾಮೂಲಿ ರೇಜರ್. ಕಿವಿಯ ಮುಂದಿನ ಚರ್ಮವನ್ನು ಮೇಲಕ್ಕೆ ಎಳೆದು ಹಿಡಿದು, ಕೂದಲು ಇಳಿದ ದಿಕ್ಕಿಗೇ, ಗಿಡ್ಡ ಗಿಡ್ಡ ಎಳೆತ. ಕೋನ ಸುಮಾರು 30 ಡಿಗ್ರಿ. 5/8 ಕತ್ತಿಗೆ ಬೆನ್ನು ಕೆನ್ನೆಯಿಂದ 8 ಮಿ.ಮೀ. ಎದ್ದಿರಬೇಕು, ಅಂದರೆ ಹೆಚ್ಚುಕಡಿಮೆ ಬೆನ್ನಿನ ದಪ್ಪದ ಎರಡರಷ್ಟು. ತೀರಾ ಮಲಗಿಸಿದರೆ ಕೀಳುತ್ತದೆ, ತೀರಾ ಎತ್ತಿದರೆ ಕೆರೆಯುತ್ತದೆ, ಕೊಯ್ಯುವುದೂ ಆಗಲೇ. ಬಾಯಿಯ ಉದ್ದಕ್ಕೆ ಅಡ್ಡ ಜಾರಿಸಬೇಡಿ. ಕತ್ತಿ ಕೈತಪ್ಪಿದರೆ ಹಿಡಿಯಲು ಹೋಗಬೇಡಿ, ಬೀಳಲಿ.

ಕತ್ತಿನಲ್ಲಿ ಕೂದಲು ಎಲ್ಲರಿಗೂ ಕೆಳಮುಖವಾಗಿ ಇರುವುದಿಲ್ಲ. ಎರಡು ದಿನ ಗಡ್ಡ ಬಿಟ್ಟು ಬೆರಳಾಡಿಸಿ, ಎತ್ತ ನಯವೋ ಅತ್ತ ಓಟ. ಗಂಟಲಮಣಿಯ ಮೇಲಿನ ಚರ್ಮವನ್ನು ಪಕ್ಕಕ್ಕೆ ಎಳೆದು ಚಪ್ಪಟೆ ಮಾಡಿಕೊಂಡು ತೆಗೆಯಬೇಕು. ಗದ್ದ ಎಲ್ಲಕ್ಕಿಂತ ಕಷ್ಟ: ಕೆಳತುಟಿಯನ್ನು ಹಲ್ಲಿನ ಮೇಲೆ ಮಡಚಿ ಬಿಗಿಮಾಡಿ, ಅರ್ಧ ಸೆಂಟಿಮೀಟರ್ ಎಳೆತ. ಎದುರು ದಿಕ್ಕಿಗೆ ಹೋಗುವುದು ತಿಂಗಳು ಕಳೆದ ಮೇಲೆ ನೋಡಿದರಾಯಿತು. ಮೊಡವೆ, ನರಹುಲಿ ಇದ್ದಲ್ಲಿ ಬಿಟ್ಟುಬಿಡಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಈ ಹವ್ಯಾಸಕ್ಕೆ ಕೈಹಾಕದಿರುವುದೇ ಲೇಸು.

ಮದ್ದೂರ್‌ವಡೆ

ಒಂದೇ ಕತ್ತಿ ಮನೇಲಿ ಇಬ್ರು ಬಳಸ್ಬೋದಾ? ತಮ್ಮನೂ ಕೇಳ್ತಾವ್ನೆ.

ಉಕ್ಕು ಉಮಾ

ಬೇಡ. ಕಾಣದಷ್ಟು ಸಣ್ಣ ಗಾಯದಿಂದಲೂ ರಕ್ತದ ಮೂಲಕ ಹರಡುವ ಸೋಂಕು ದಾಟಬಹುದು. ಸಲೂನ್‌ಗಳಲ್ಲಿ ಬ್ಲೇಡನ್ನು ಅರ್ಧಕ್ಕೆ ಮುರಿದು ಒಬ್ಬೊಬ್ಬರಿಗೆ ಹೊಸದು ಹಾಕುವುದು ಇದಕ್ಕೇ. ತಮ್ಮನಿಗೆ ಬೇರೆ ಕತ್ತಿ ಕೊಡಿಸಿ.

ಸಾಣೆಕಲ್ಲು

ಅವರಿಗೂ 5/8, ದುಂಡು ಮೂತಿ. ಚೌಕ ಮೂತಿ ತರಬೇಡಿ, ಮೊನೆ ಕಿವಿಗೆ ತಗುಲುತ್ತದೆ. ಕಲ್ಲು, ಬಾಲ್ಸಾ ಇಬ್ಬರಿಗೂ ಒಂದೇ ಸಾಕು, ಆದರೆ ಮಸೆಯುವ ಮುಂಚೆ ಕತ್ತಿ ಸ್ಪಿರಿಟ್‌ನಲ್ಲಿ ಒರೆಸಿ. ಪಟ್ಟಿ ಬೇರೆಬೇರೆ ಇರಲಿ, ಕಲಿಯುವವರ ಪಟ್ಟಿ ಹೇಗಿದ್ದರೂ ಕೊಯ್ದುಹೋಗುತ್ತದೆ.

ಮತ್ತೆ ಮಸೆಯುವುದು ಯಾವಾಗ ಅಂತ ಕೇಳುವ ಮುಂಚೆಯೇ ಹೇಳಿಬಿಡುತ್ತೇನೆ: ಪಟ್ಟಿಗೆ ತೀಡಿದ ಮೇಲೂ ಕೀಳುತ್ತಿದ್ದರೆ ಬಾಲ್ಸಾ ಮೇಲೆ ಹತ್ತು ಜೊತೆ. ಬಾಲ್ಸಾದಿಂದಲೂ ಸರಿಹೋಗದಿದ್ದರೆ 6000ದ ಮೇಲೆ ಹದಿನೈದು. 1000ಕ್ಕೆ ಹೋಗುವುದು ಮುಕ್ಕು ಬಿದ್ದರೆ ಮಾತ್ರ. ಟೇಪ್ ಹಾಕಿ ಶುರುಮಾಡಿದ್ದರೆ ಪ್ರತಿ ಸಲವೂ ಟೇಪ್, ಮೇಷ್ಟ್ರು ಹೇಳಿದ ಹಾಗೆ.